ದೇವದಾರು: ಗುರುತು ಹಿಡಿಯುವುದು ಹೇಗೆ, ತಾನಾಗಿ ಬೆಳೆಯುವುದು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ದೇವದಾರು ಪಶ್ಚಿಮ ಹಿಮಾಲಯದ ಮರ. ಕರ್ನಾಟಕದ ಯಾವ ಕಾಡಿನಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಆದರೆ ಶಿಮ್ಲಾ, ಮನಾಲಿ, ಗಂಗೋತ್ರಿ ಕಡೆ ಯಾತ್ರೆಗೋ ಚಾರಣಕ್ಕೋ ಹೋದವರು ಅದರ ನೆರಳಲ್ಲಿ ನಡೆದಿರುತ್ತಾರೆ, ಆಯುರ್ವೇದದ ಔಷಧಿ ತೆಗೆದುಕೊಂಡವರು ಅದರ ಹೆಸರನ್ನು ಬಾಟಲಿಯ ಮೇಲೆ ಓದಿರುತ್ತಾರೆ. ಅಲ್ಲಿ ಕಂಡದ್ದೆಲ್ಲ ದೇವದಾರು ಅಲ್ಲ, ಇಲ್ಲಿ ಆ ಹೆಸರಿನಲ್ಲಿ ಮಾರುವುದೆಲ್ಲವೂ ಅದಲ್ಲ. ಮರವನ್ನು ಸರಿಯಾಗಿ ಗುರುತಿಸಲು, ಅದರ ನೆಲೆಯನ್ನು ತಿಳಿಯಲು ಬೇಕಾದ ವಿವರಗಳು ಇಲ್ಲಿವೆ.

ದೂರದಿಂದ ನೋಡಿ ದೇವದಾರು ಎಂದು ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ನಡುವಯಸ್ಸಿನವರೆಗಿನ ಮರದ ತುದಿಯನ್ನು ನೋಡಿ. ತೀರ ಮೇಲಿನ ಕುಡಿ ನೆಟ್ಟಗೆ ನಿಲ್ಲದೆ ಒಂದು ಬದಿಗೆ ಬಾಗಿ ತೂಗುತ್ತಿರುತ್ತದೆ. ಪಕ್ಕದ ಕೊಂಬೆಗಳು ಅಡ್ಡಡ್ಡ ಚಾಚಿಕೊಂಡು ತುದಿಯಲ್ಲಿ ಮಾತ್ರ ಕೆಳಕ್ಕೆ ಜೋಲುತ್ತವೆ. ಅದೇ ಕಾಡಿನ ಇತರ ದೊಡ್ಡ ಶಂಕುಧಾರಿಗಳಲ್ಲಿ, ಅಂದರೆ ಹೂವಿನ ಬದಲು ಶಂಕು (ಕೋನ್) ಬಿಡುವ ಪೈನ್, ಸ್ಪ್ರೂಸ್, ಫರ್‌ನಂಥ ಮರಗಳಲ್ಲಿ, ಕುಡಿ ನೆಟ್ಟಗೇ ಇರುತ್ತದೆ. ಆದರೆ ಇದೊಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ವಯಸ್ಸಾದ ಮರದಲ್ಲಿ ಬಾಗಿದ ಕುಡಿ ಕಾಣುವುದಿಲ್ಲ, ಹಿಮದ ಭಾರಕ್ಕೆ ಕುಡಿ ಮುರಿದಿರುವುದೂ ಉಂಟು. ಹತ್ತಿರ ಹೋಗಿ ಎಲೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಎಲೆಯಲ್ಲಿ ಏನು ನೋಡಬೇಕು?

ಒಂದು ಕಿರುಕೊಂಬೆಯನ್ನು ಕೈಯಲ್ಲಿ ಹಿಡಿದು ಎರಡು ಕಡೆ ನೋಡಬೇಕು. ತುದಿಯಲ್ಲಿ ಆ ವರ್ಷ ಹೊಸದಾಗಿ ಬೆಳೆದ ಉದ್ದನೆಯ ಚಿಗುರಿನ ಮೇಲೆ ಸೂಜಿ ಎಲೆಗಳು ಒಂಟೊಂಟಿಯಾಗಿ, ಸುರುಳಿ ಸುತ್ತಿನಲ್ಲಿ ಕೂತಿರುತ್ತವೆ. ಅದಕ್ಕಿಂತ ಹಿಂದೆ, ಹಳೆಯ ಭಾಗದಲ್ಲಿ, ಮೊಳೆಯಂಥ ಗಿಡ್ಡ ಕವಲುಗಳಿರುತ್ತವೆ. ಒಂದೊಂದು ಗಿಡ್ಡ ಕವಲಿನ ತುದಿಯಲ್ಲೂ 20ರಿಂದ 30 ಸೂಜಿಗಳ ಕುಚ್ಚು. ಒಂದೇ ಕೊಂಬೆಯಲ್ಲಿ ಒಂಟಿ ಸೂಜಿಯೂ ಕುಚ್ಚೂ ಎರಡೂ ಇದ್ದು, ಮರ ಚಳಿಗಾಲದಲ್ಲೂ ಹಸಿರಾಗಿದ್ದರೆ ಅದು ಸೀಡರ್ ಕುಲದ್ದು. ಹಿಮಾಲಯದಲ್ಲಿ ಆ ಕುಲದ ಸಹಜ ಪ್ರಭೇದ ಒಂದೇ, ಅದು ದೇವದಾರು. ವೈಜ್ಞಾನಿಕ ಹೆಸರು ಸೀಡ್ರಸ್ ಡಿಯೋಡಾರ, ಕುಟುಂಬ ಪೈನೇಸಿಯೇ.

ಸೂಜಿಯ ಉದ್ದ ಸಾಮಾನ್ಯವಾಗಿ 2.5ರಿಂದ 5 ಸೆಂ.ಮೀ. ಗಟ್ಟಿ, ತುದಿ ಚೂಪು, ಒತ್ತಿದರೆ ಚುಚ್ಚುತ್ತದೆ. ಬಣ್ಣ ಗಾಢ ಹಸಿರಿನಿಂದ ಬೂದಿ ಬಳಿದಂಥ ನೀಲಿ ಹಸಿರಿನವರೆಗೆ ಮರದಿಂದ ಮರಕ್ಕೆ ಬದಲಾಗುತ್ತದೆ. ಅಕ್ಕಪಕ್ಕದ ಎರಡು ಮರಗಳು ಬೇರೆ ಬೇರೆ ಬಣ್ಣದಲ್ಲಿದ್ದರೆ ಅವು ಬೇರೆ ಜಾತಿ ಎಂದುಕೊಳ್ಳಬೇಕಿಲ್ಲ. ಹಳೆಯ ಎಲೆ ಉದುರುವ ಮೊದಲೇ ಹೊಸದು ಬಂದಿರುವುದರಿಂದ ಮರ ಯಾವತ್ತೂ ಬೋಳಾಗುವುದಿಲ್ಲ.

ಎಳೆಯ ಮರ, ಮುದಿ ಮರ ಇಷ್ಟು ಬೇರೆಯಾಗಿ ಕಾಣುವುದೇಕೆ?

ಎಳೆಯದು ಕೆಳಗೆ ಅಗಲ, ಮೇಲೆ ಚೂಪಾದ ಗೋಪುರ. ಕೊಂಬೆಗಳು ನೆಲದವರೆಗೂ ಇಳಿದಿರುತ್ತವೆ. ತೊಗಟೆ ನಯವಾಗಿ ಬೂದುಬಣ್ಣದಲ್ಲಿರುತ್ತದೆ. ದಟ್ಟ ಕಾಡಿನಲ್ಲಿ ಬೆಳೆದ ಮರವು ಬೆಳಕಿಗಾಗಿ ಮೇಲೇರುತ್ತ ಕೆಳಗಿನ ಕೊಂಬೆಗಳನ್ನು ಕಳೆದುಕೊಳ್ಳುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತದ್ದು ಅವನ್ನು ಹಾಗೇ ಉಳಿಸಿಕೊಂಡು ಅಗಲಕ್ಕೆ ಹರಡುತ್ತದೆ. ಬಹಳ ಹಳೆಯದಾದಾಗ ಎತ್ತರಕ್ಕೆ ಬೆಳೆಯುವುದು ನಿಧಾನವಾಗಿ, ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿ, ನೆತ್ತಿ ಚಪ್ಪಟೆಯಾಗುತ್ತದೆ. ತೊಗಟೆ ದಪ್ಪವಾಗಿ, ಕಪ್ಪಿಗೆ ತಿರುಗಿದ ಕಂದು ಬಣ್ಣಕ್ಕೆ ಬಂದು, ಉದ್ದಕ್ಕೂ ಅಡ್ಡಕ್ಕೂ ಸೀಳಿ ಚೌಕಟ್ಟು ಚೌಕಟ್ಟಾದ ಹಲಗೆಗಳಂತೆ ಬಿರಿಯುತ್ತದೆ.

ಒಳ್ಳೆಯ ಮಣ್ಣಿನಲ್ಲಿ 40ರಿಂದ 50 ಮೀಟರ್ ಎತ್ತರ ಸಾಮಾನ್ಯ, 60 ಮೀಟರ್ ಮುಟ್ಟಿದವೂ ಇವೆ. ಕಾಂಡದ ಅಡ್ಡಳತೆ 3 ಮೀಟರ್‌ವರೆಗೆ ಹೋಗಬಲ್ಲದು. ಒಣ ಕಣಿವೆಯ ಬಂಡೆಗಲ್ಲಿನ ಮೇಲೆ ಅದೇ ಮರ ಗಿಡ್ಡವಾಗಿ, ಸೊಟ್ಟಾಗಿ, ಗಂಟುಗಂಟಾಗಿ ಬೆಳೆಯುತ್ತದೆ. ಎತ್ತರ ನೋಡಿ ವಯಸ್ಸು ಹೇಳಹೊರಟರೆ ತಪ್ಪುವುದು ಇಲ್ಲಿಯೇ. ಬಂಡೆಯ ಮೇಲಿನ ಗಿಡ್ಡ ಮರವೇ ಕಣಿವೆಯ ದೈತ್ಯಕ್ಕಿಂತ ನೂರಾರು ವರ್ಷ ಹಿರಿಯದಾಗಿರಬಹುದು.

ಪೈನ್ ಕಾಯಿಯಂತೆ ದೇವದಾರಿನ ಕಾಯಿ ನೆಲದಲ್ಲಿ ಇಡಿಯಾಗಿ ಸಿಗುವುದಿಲ್ಲವೇಕೆ?

ಅದು ಮರದ ಮೇಲೇ ಬಿಡಿಬಿಡಿಯಾಗಿ ಉದುರಿಹೋಗುತ್ತದೆ. ಹೆಣ್ಣು ಶಂಕು ಕೊಂಬೆಯ ಮೇಲ್ಭಾಗದಲ್ಲಿ ನೆಟ್ಟಗೆ ಕೂತಿರುತ್ತದೆ, ಎಂದೂ ಜೋತುಬೀಳುವುದಿಲ್ಲ. ಆಕಾರ ಪೀಪಾಯಿಯದು, ಉದ್ದ 7ರಿಂದ 13 ಸೆಂ.ಮೀ., ಅಗಲ 5ರಿಂದ 9 ಸೆಂ.ಮೀ. ಮೊದಲು ನೀಲಿ ಛಾಯೆಯ ಹಸಿರು, ಬಲಿತಾಗ ಕೆಂಗಂದು. ಬಲಿತ ಮೇಲೆ ಮೇಲಿನಿಂದ ಶುರುವಾಗಿ ಬಿಲ್ಲೆಗಳು ಒಂದೊಂದಾಗಿ ಕಳಚುತ್ತವೆ. ಪ್ರತಿ ಬಿಲ್ಲೆಯ ಜೊತೆ ರೆಕ್ಕೆಯಿರುವ ಎರಡು ಬೀಜಗಳು ಗಾಳಿಗೆ ಬೀಳುತ್ತವೆ. ಕೊನೆಗೆ ಕೊಂಬೆಯ ಮೇಲೆ ಉಳಿಯುವುದು ನಡುವಿನ ದಂಟು ಮಾತ್ರ, ತೊಳೆ ಬಿಡಿಸಿದ ಹಲಸಿನಲ್ಲಿ ಗೂಂಜು ಉಳಿದ ಹಾಗೆ. ಈ ಬರಿಯ ದಂಟುಗಳು ಬಹಳ ಕಾಲ ಹಾಗೇ ನಿಂತಿರುತ್ತವೆ. ಶಂಕು ಇಲ್ಲದ ಕಾಲದಲ್ಲೂ ಅವನ್ನು ನೋಡಿ ಮರವನ್ನು ಗುರುತಿಸಬಹುದು.

ನೆಲದಲ್ಲಿ ಹೂವಿನ ಆಕಾರದ, ಗುಲಾಬಿಯನ್ನು ಹೋಲುವ ತುಂಡುಗಳು ಸಿಕ್ಕಿದರೆ ಅವು ಶಂಕುವಿನ ತುದಿಯ ಭಾಗ. ಅಲ್ಲಿನ ಕೆಲವು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡೇ ಬೀಳುತ್ತವೆ. ಪ್ರವಾಸಿ ಊರುಗಳಲ್ಲಿ ಅಲಂಕಾರಕ್ಕೆಂದು ಮಾರುವುದು ಇದನ್ನೇ.

ಗಂಡು, ಹೆಣ್ಣು ಬೇರೆ ಬೇರೆ ಮರವೇ?

ಸಾಮಾನ್ಯವಾಗಿ ಒಂದೇ ಮರದಲ್ಲಿ ಎರಡೂ ಇರುತ್ತವೆ, ಬೇರೆ ಬೇರೆ ಕೊಂಬೆಗಳಲ್ಲಿ. ಗಂಡು ಶಂಕು ಬೆರಳಿನಂತೆ ಸಣ್ಣಗೆ, 4ರಿಂದ 6 ಸೆಂ.ಮೀ. ಉದ್ದ. ಹೆಚ್ಚಿನ ಶಂಕುಧಾರಿಗಳು ವಸಂತದಲ್ಲಿ ಪರಾಗ ಬಿಟ್ಟರೆ ದೇವದಾರು ಬಿಡುವುದು ಮಳೆಗಾಲ ಕಳೆದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಆ ದಿನಗಳಲ್ಲಿ ಕಾಡಿನ ದಾರಿ, ಕಾರಿನ ಗಾಜು, ಮನೆಯ ಜಗುಲಿ ಎಲ್ಲದರ ಮೇಲೂ ಹಳದಿ ಹುಡಿ ಕೂತಿರುತ್ತದೆ. ಪರಾಗ ಸೇರಿದ ಹೆಣ್ಣು ಶಂಕು ಬಲಿತು ಬೀಜ ಬಿಡುವುದು ಮುಂದಿನ ವರ್ಷದ ಅಕ್ಟೋಬರ್–ನವೆಂಬರ್ ಹೊತ್ತಿಗೆ. ಹಾಗಾಗಿ ಶರತ್ಕಾಲದಲ್ಲಿ ಒಂದೇ ಮರದ ಮೇಲೆ ಈ ವರ್ಷದ ಪುಟ್ಟ ಹೆಣ್ಣು ಶಂಕು, ಬಲಿತ ಹಿಂದಿನ ವರ್ಷದ ಶಂಕು, ಅದಕ್ಕೂ ಹಿಂದಿನ ಬರಿದಂಟು ಮೂರನ್ನೂ ಕಾಣಬಹುದು. ಮರವನ್ನು ಕಲಿಯುವವರಿಗೆ ಅದೇ ಅತ್ಯುತ್ತಮ ಕಾಲ.

ಅದೇ ಕಾಡಿನಲ್ಲಿರುವ ಪೈನ್, ಸ್ಪ್ರೂಸ್, ಫರ್‌ಗಳಿಂದ ಬೇರ್ಪಡಿಸುವುದು ಹೇಗೆ?

ಪ್ರವಾಸಿಗರು ಎಲ್ಲವನ್ನೂ ಒಟ್ಟಾಗಿ ಪೈನ್ ಎಂದುಬಿಡುತ್ತಾರೆ. ಮಾರ್ಗದರ್ಶಕರು ಕೆಲವೊಮ್ಮೆ ಎಲ್ಲವನ್ನೂ ದೇವದಾರು ಎನ್ನುತ್ತಾರೆ. ನಿಜವಾಗಿ ಐದಾರು ಮರಗಳನ್ನು ಕಲಿತರೆ ಪಶ್ಚಿಮ ಹಿಮಾಲಯದ ಬೆಟ್ಟದ ಬಹುಪಾಲು ಅರ್ಥವಾಗುತ್ತದೆ.

ತಗ್ಗಿನಲ್ಲಿ, ಸುಮಾರು 900ರಿಂದ 1,800 ಮೀಟರ್‌ವರೆಗೆ ಸಿಗುವುದು ಚೀಡ್. ಇದು ಪೈನ್. ಸೂಜಿಗಳು ಮೂರು ಮೂರರ ಕಟ್ಟಿನಲ್ಲಿ, 20ರಿಂದ 30 ಸೆಂ.ಮೀ. ಉದ್ದ, ನೆಲವೆಲ್ಲ ಜಾರುವ ಒಣ ಸೂಜಿಯ ಹಾಸು. ಮರದ ಮೈಮೇಲೆ ರಾಳ ತೆಗೆದ ಗಾಯಗಳಿದ್ದರೆ ಅದು ಚೀಡ್ ಎಂದೇ ತಿಳಿಯಿರಿ.

ಕೈಲ್ ಕೂಡ ಪೈನ್, ನೀಲಿ ಪೈನ್ ಎನ್ನುವುದು ಇದನ್ನೇ. ಸೂಜಿಗಳು ಐದರ ಕಟ್ಟಿನಲ್ಲಿ, ಮೆತ್ತಗೆ, ಕೆಳಕ್ಕೆ ಜೋತಿರುತ್ತವೆ. ಕಾಯಿ ಉದ್ದವಾಗಿ, ಬಾಳೆಕಾಯಿಯಷ್ಟು, ಕೊಂಬೆಯಿಂದ ತೂಗುತ್ತದೆ, ಇಡಿಯಾಗಿ ನೆಲಕ್ಕೆ ಬೀಳುತ್ತದೆ. ದೇವದಾರಿನ ಅತಿ ಹತ್ತಿರದ ನೆರೆಯ ಮರ ಇದು. ಕಡಿದ ಅಥವಾ ಕುಸಿದ ಬಯಲು ಜಾಗಕ್ಕೆ ಕೈಲ್ ಬೇಗ ಬಂದು ತುಂಬಿಕೊಳ್ಳುತ್ತದೆ, ದೇವದಾರು ನಿಧಾನಕ್ಕೆ ಅದರ ನೆರಳಿನಲ್ಲಿ ಏಳುತ್ತದೆ.

ರೈ ಎಂಬುದು ಸ್ಪ್ರೂಸ್. ಸೂಜಿ ಒಂಟಿ, ಕುಚ್ಚು ಇಲ್ಲ. ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಸೂಜಿ ಉದುರಿದ ಜಾಗದಲ್ಲಿ ಕೊಂಬೆ ಗರಗಸದಂತೆ ಒರಟಾಗಿರುತ್ತದೆ. ಕಾಯಿ ತೂಗುತ್ತದೆ. ಕಿರುಕೊಂಬೆಗಳು ತೋರಣದಂತೆ ಇಳಿಬಿದ್ದಿರುವುದರಿಂದ ದೂರದಿಂದ ದೇವದಾರು ಎನಿಸಬಹುದು, ಕುಚ್ಚು ಹುಡುಕಿದರೆ ಸಂಶಯ ತೀರುತ್ತದೆ.

ತೋಶ್ ಎಂಬುದು ಫರ್. ಸೂಜಿ ಚಪ್ಪಟೆ, ತುದಿ ಎರಡಾಗಿ ಸೀಳಿದಂತೆ, ಕೆಳಮೈಯಲ್ಲಿ ಎರಡು ಬಿಳಿ ಗೆರೆ. ಸೂಜಿ ಕಿತ್ತರೆ ನಯವಾದ ದುಂಡನೆಯ ಕಲೆ ಉಳಿಯುತ್ತದೆ. ಶಂಕು ದೇವದಾರಿನಂತೆಯೇ ನೆಟ್ಟಗೆ ಕೂತು, ಹಾಗೇ ಮರದ ಮೇಲೆ ಕಳಚುತ್ತದೆ, ಆದರೆ ಎಳೆಯದಾಗಿದ್ದಾಗ ಗಾಢ ನೇರಳೆ. ಶಂಕು ಮಾತ್ರ ನೋಡಿದವರು ಎಡವುವುದು ಈ ಜೋಡಿಯಲ್ಲಿ. ಶಂಕುವಿನ ಜೊತೆ ಎಲೆಯನ್ನೂ ನೋಡಿ.

ಕಿನ್ನೌರಿನಂಥ ಒಣ ಕಣಿವೆಗಳಲ್ಲಿ ಚಿಲ್ಗೋಜಾ ಪೈನ್ ಸಹ ಜೊತೆಗಿರುತ್ತದೆ. ಅದರ ತೊಗಟೆ ಬಣ್ಣಬಣ್ಣದ ತೇಪೆಗಳಾಗಿ ಸುಲಿಯುತ್ತದೆ, ಸೂಜಿ ಮೂರರ ಕಟ್ಟು.

ಲೆಬನಾನಿನ ಸೀಡರ್ ಕೂಡ ಇದೇ ಮರವೇ?

ಒಂದೇ ಕುಲ, ಬೇರೆ ಪ್ರಭೇದ. ಲೆಬನಾನಿನದರ ಸೂಜಿ ಗಿಡ್ಡ, ಕುಡಿ ಅಷ್ಟು ಬಾಗುವುದಿಲ್ಲ. ಉತ್ತರ ಆಫ್ರಿಕದ ಅಟ್ಲಾಸ್ ಸೀಡರಿನ ಕೊಂಬೆಗಳು ಮೇಲ್ಮುಖವಾಗಿ ಏರುತ್ತವೆ. ಉದ್ಯಾನಗಳಲ್ಲಿ ಮೂರನ್ನೂ ನೆಡುವುದರಿಂದ ಗೊಂದಲವಾಗುತ್ತದೆ. ಕೊಂಬೆಯ ತುದಿ ಜೋಲುವುದು, ಸೂಜಿ ಹೆಚ್ಚು ಉದ್ದವಿರುವುದು ದೇವದಾರಿನ ಗುರುತು.

ದೇವದಾರಿನ ಸಹಜ ವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ?

ಪಶ್ಚಿಮದ ತುದಿ ಪೂರ್ವ ಅಫ್ಘಾನಿಸ್ತಾನದ ನೂರಿಸ್ತಾನ, ಕುನಾರ್, ಪಕ್ತಿಯಾ ಬೆಟ್ಟಗಳು. ಅಲ್ಲಿಂದ ಪಾಕಿಸ್ತಾನದ ಚಿತ್ರಾಲ್, ದಿರ್, ಸ್ವಾತ್, ಕಾಗಾನ್ ಕಣಿವೆಗಳು. ಪಾಕಿಸ್ತಾನಕ್ಕೆ ಇದು ರಾಷ್ಟ್ರೀಯ ಮರ. ಮುಂದೆ ಕಾಶ್ಮೀರದ ಲೋಲಾಬ್ ಕಡೆಯ ಕಾಡುಗಳು, ಚಿನಾಬ್ ಕೊಳ್ಳದ ಕಿಶ್ತ್‌ವಾರ್, ಡೋಡಾ, ಭದ್ರವಾಹ. ಹಿಮಾಚಲದಲ್ಲಿ ಚಂಬಾ, ಕುಲ್ಲೂ, ಶಿಮ್ಲಾ, ಕಿನ್ನೌರ್. ಹಿಮಾಚಲದ ರಾಜ್ಯ ಮರವೂ ಇದೇ, ಅಲ್ಲಿನ ಹಳ್ಳಿಗರ ಬಾಯಲ್ಲಿ ದಿಯಾರ್ ಅಥವಾ ಕೇಲೊ. ಉತ್ತರಾಖಂಡದಲ್ಲಿ ಟೋನ್ಸ್ ಮತ್ತು ಯಮುನಾ ಕೊಳ್ಳ, ಚಕ್ರಾತಾ, ಭಾಗೀರಥಿಯ ಮೇಲ್ಕಣಿವೆ, ಜೋಶಿಮಠದ ಸುತ್ತು, ಧೌಲಿ ಕಣಿವೆ. ಅದರಾಚೆ ಕುಮಾಊಂನಲ್ಲಿ ವಿರಳವಾಗಿ, ಮತ್ತೆ ಪಶ್ಚಿಮ ನೇಪಾಳದ ಕರ್ನಾಲಿ ನದಿಯ ಕೊಳ್ಳದಲ್ಲಿ ಕಾಣಿಸಿಕೊಂಡು ಅಲ್ಲಿಗೆ ಮುಗಿಯುತ್ತದೆ.

ನಕ್ಷೆಯಲ್ಲಿ ಇದನ್ನು ಒಂದೇ ಪಟ್ಟೆಯಾಗಿ ಬಳಿದಿರುತ್ತಾರೆ. ನೆಲದ ಮೇಲೆ ಅದು ಹಾಗಿಲ್ಲ. ಬಿಸಿಲು ನೇರವಾಗಿ ಬೀಳುವ ದಕ್ಷಿಣದ ಇಳಿಜಾರು ಚೀಡ್‌ಗೋ ಹುಲ್ಲಿಗೋ ಹೋಗಿರುತ್ತದೆ, ತಂಪಾದ ಎದುರಿನ ಇಳಿಜಾರಿನಲ್ಲಿ ದೇವದಾರು ದಟ್ಟವಾಗಿರುತ್ತದೆ. ಎತ್ತರ ಹೆಚ್ಚಿದಂತೆ ಇದು ತಿರುವುಮುರುವಾಗಿ, ಬಿಸಿಲು ಕಾಣುವ ಇಳಿಜಾರಿಗೇ ಮರ ಸರಿಯುತ್ತದೆ. ನೀರು ನಿಲ್ಲುವ ಜಾಗದಲ್ಲಿ ಅದು ಇರುವುದೇ ಇಲ್ಲ. ಆಳವಾದ, ನೀರು ಬಸಿಯುವ ಮಣ್ಣಿದ್ದಲ್ಲಿ ಮಾತ್ರ ದೈತ್ಯ ಮರಗಳು.

ಎಷ್ಟು ಎತ್ತರದಲ್ಲಿ ಹುಡುಕಬೇಕು?

ಒಟ್ಟು ವ್ಯಾಪ್ತಿ ಸುಮಾರು 1,200ರಿಂದ 3,300 ಮೀಟರ್. ಹೆಚ್ಚಾಗಿ ಹಾಗೂ ಚೆನ್ನಾಗಿ ಬೆಳೆಯುವುದು 1,800ರಿಂದ 2,600 ಮೀಟರ್ ನಡುವೆ.

ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲಿನಲ್ಲಿ ಹೋಗುವವರು ಎಡಬಲದ ಮರ ಬದಲಾಗುವುದನ್ನು ಗಮನಿಸಿ. ಧರಂಪುರ, ಸೋಲನ್ ಸುತ್ತ ಚೀಡ್. ತಾರಾದೇವಿ ಹತ್ತಿರವಾಗುತ್ತಿದ್ದಂತೆ ದೇವದಾರು ಶುರು. ಶಿಮ್ಲಾ ಇರುವುದು 2,200 ಮೀಟರ್ ಆಸುಪಾಸು, ದೇವದಾರಿಗೆ ಹೇಳಿಮಾಡಿಸಿದ ಎತ್ತರ. ಮುಂದೆ ನಾರ್ಕಂಡಾ 2,700 ಮೀಟರ್ ಆಸುಪಾಸು. ಅಲ್ಲಿ ಕೈಲ್, ರೈ ಬೆರೆಯುತ್ತವೆ. ಹಾಟು ಶಿಖರದ ಕಡೆ ಏರಿದರೆ ತೋಶ್ ಮತ್ತು ಖರ್ಸು ಓಕ್.

ಗಂಗೋತ್ರಿ ಯಾತ್ರೆಯವರಿಗೆ ಇನ್ನೂ ಸ್ಪಷ್ಟ. ಉತ್ತರಕಾಶಿಯಲ್ಲಿ ಚೀಡ್, ಹರ್ಸಿಲ್ ಬಳಿ ನದಿಯ ಎರಡೂ ದಂಡೆಯಲ್ಲಿ ದೇವದಾರು, ಗಂಗೋತ್ರಿಯಲ್ಲಿ ದೇವದಾರಿನ ಮೇಲಂಚು. ಗೋಮುಖದ ದಾರಿಯ ಚೀರ್‌ಬಾಸಾದಲ್ಲಿ ಉಳಿದಿರುವುದು ಕೈಲ್, ಭೋಜ್‌ಬಾಸಾ ಹೊತ್ತಿಗೆ ಭೂರ್ಜ. ಕೇದಾರಕಂಠ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯ ಸುತ್ತಲೂ ದೇವದಾರು ಸಿಗುತ್ತದೆ. ಮೇಲಿನ ಬಿಡಾರಗಳಲ್ಲಿ ನೀವು ನೋಡುವ ಮರಗಳು ಬಹುಪಾಲು ಬೇರೆಯವು.

ಡಾರ್ಜಿಲಿಂಗ್, ಸಿಕ್ಕಿಂ, ಅರುಣಾಚಲದಲ್ಲೂ ಅಷ್ಟೇ ಎತ್ತರ, ಅಷ್ಟೇ ಚಳಿ. ಅಲ್ಲಿ ಯಾಕಿಲ್ಲ?

ದೇವದಾರಿಗೆ ಬರಿಯ ಚಳಿ ಸಾಲದು. ಅದರ ನೆಲೆಯನ್ನು ನಿರ್ಧರಿಸುವುದು ಚಳಿಗಾಲದ ಹಿಮ ಮತ್ತು ಮಿತವಾದ ಮುಂಗಾರು, ಎರಡೂ ಒಟ್ಟಿಗೆ. ಪಶ್ಚಿಮ ಹಿಮಾಲಯಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೆಡಿಟರೇನಿಯನ್ ಕಡೆಯಿಂದ ಹಾಯ್ದುಬರುವ ಮಾರುತಗಳು ಹಿಮ ತರುತ್ತವೆ. ಆ ಹಿಮ ಮಾರ್ಚ್–ಏಪ್ರಿಲ್‌ನಲ್ಲಿ ನಿಧಾನವಾಗಿ ಕರಗಿ ಮಣ್ಣಿಗೆ ಇಳಿಯುತ್ತದೆ. ಬೀಜ ಮೊಳೆಯುವುದು ಆಗಲೇ, ಮಳೆಗಾಲ ಬರುವವರೆಗಿನ ಒಣ ತಿಂಗಳುಗಳನ್ನು ಸಸಿ ದಾಟುವುದು ಆ ತೇವದಿಂದಲೇ. ಪೂರ್ವಕ್ಕೆ ಹೋದಂತೆ ಈ ಹಿಮ ಕಡಿಮೆಯಾಗಿ ಮುಂಗಾರಿನ ಅಬ್ಬರ ಹೆಚ್ಚುತ್ತದೆ. ತಿಂಗಳುಗಟ್ಟಲೆ ಮಳೆ, ಮಂಜು, ಒದ್ದೆ ಮಣ್ಣು ದೇವದಾರಿಗೆ ಒಗ್ಗುವುದಿಲ್ಲ. ಅಲ್ಲಿನ ಶಂಕುಧಾರಿಗಳು ಬೇರೆ ಫರ್, ಬೇರೆ ಸ್ಪ್ರೂಸ್, ಹೆಮ್ಲಾಕ್, ಲಾರ್ಚ್.

ಇನ್ನೊಂದು ತುದಿಯಲ್ಲಿ, ಕಿನ್ನೌರಿನ ಮೇಲ್ಭಾಗದಂಥ ಮಳೆನೆರಳಿನ ಕಣಿವೆಗಳಲ್ಲಿ ಮುಂಗಾರು ತಲುಪುವುದೇ ಕಷ್ಟ. ಅಲ್ಲೂ ದೇವದಾರು ಬದುಕುತ್ತದೆ, ಹಿಮದ ನೀರನ್ನು ನಂಬಿಕೊಂಡು.

ಜಾಗೇಶ್ವರದ ದೇವದಾರು ವನ ಸಹಜ ಕಾಡೇ?

ಅಲ್ಮೋಡಾ ಬಳಿಯ ಜಾಗೇಶ್ವರದಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳ ಸುತ್ತ ಭಾರಿ ದೇವದಾರುಗಳಿವೆ. ಕುಮಾಊಂನ ಹೊರಬೆಟ್ಟಗಳಲ್ಲಿ ದೇಗುಲಗಳ ಸುತ್ತ ಕಾಣುವ ಇಂಥ ತೋಪುಗಳು ಹಿಂದಿನವರು ನೆಟ್ಟು ಕಾಪಾಡಿದವು, ಆಮೇಲೆ ಬೀಜ ಬಿದ್ದು ಹಬ್ಬಿದವು ಎಂಬುದು ಅರಣ್ಯ ಬಲ್ಲವರಲ್ಲಿ ಬಹುಕಾಲದಿಂದ ಇರುವ ಅಭಿಪ್ರಾಯ. ನೆಟ್ಟದ್ದಾದರೂ ಅವುಗಳ ಬೆಲೆ ಕಡಿಮೆಯಲ್ಲ. ನೂರಾರು ವರ್ಷ ಕೊಡಲಿ ತಾಗದೆ ನಿಂತ ಮರಗಳು ಕಾಡಿನಲ್ಲೇ ಅಪರೂಪವಾಗಿವೆ. ಮನಾಲಿಯ ಹಿಡಿಂಬಾ ದೇಗುಲದ ಸಂಗತಿ ಬೇರೆ. 1553ರಲ್ಲಿ ಕಟ್ಟಿದ ಆ ಮರದ ಗುಡಿ ನಿಂತಿರುವುದು ದೇವದಾರಿನ ಸಹಜ ನೆಲೆಯ ಒಳಗೇ.

ಮರ ಎಷ್ಟು ವರ್ಷ ಬದುಕುತ್ತದೆ?

ಹಲವು ನೂರು ವರ್ಷ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ 700 ವರ್ಷ ದಾಟಿದ ದೇವದಾರಿನ ಅಡ್ಡಸೀಳು ಇದೆ, ಬಳೆಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ದೇವದಾರಿನ ವಾರ್ಷಿಕ ಬಳೆ ಬಹಳ ಸ್ಪಷ್ಟ. ವಸಂತ ತಂಪಾಗಿ ತೇವವಾಗಿದ್ದ ವರ್ಷ ಬಳೆ ಅಗಲ, ಬಿಸಿಯಾಗಿ ಒಣಗಿದ್ದ ವರ್ಷ ಕಿರಿದು. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳು ಇವನ್ನು ಓದಿ ಪಶ್ಚಿಮ ಹಿಮಾಲಯದ ಹಲವು ಶತಮಾನಗಳ ಹವಾಮಾನವನ್ನು ತಿಳಿದುಕೊಂಡಿದ್ದಾರೆ. ಇದಕ್ಕೆ ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲಿಗಿಂತ ತೆಳ್ಳಗಿನ ಒಂದು ಎಳೆ ತೆಗೆದರೆ ಸಾಕು.

ದೊಡ್ಡ ಮರಗಳ ಕೆಳಗೆ ಸಸಿಗಳೇ ಕಾಣುವುದಿಲ್ಲ, ಯಾಕೆ?

ಕಾರಣ ಒಂದಲ್ಲ. ಮೊದಲನೆಯದಾಗಿ ಪ್ರತಿ ವರ್ಷ ಬೀಜ ಚೆನ್ನಾಗಿ ಬರುವುದಿಲ್ಲ, ಒಳ್ಳೆಯ ಬೀಜದ ವರ್ಷ ಮೂರರಿಂದ ಐದು ವರ್ಷಕ್ಕೊಮ್ಮೆ. ಬಂದ ಬೀಜದಲ್ಲಿ ಎಣ್ಣೆಯಂಶ ಹೆಚ್ಚಿದ್ದು ಮೊಳೆಯುವ ಶಕ್ತಿ ಬೇಗ ಹೋಗುತ್ತದೆ, ಇಲಿ ಹಕ್ಕಿಗಳೂ ತಿನ್ನುತ್ತವೆ. ಮೊಳೆತದ್ದು ದಪ್ಪನೆಯ ಸೂಜಿ ಹಾಸಿನ ಮೇಲೆ ಬಿದ್ದಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಮೇ–ಜೂನ್‌ನ ಬಿಸಿಲಿಗೆ ಹಾಸು ಒಣಗಿ ಸಸಿ ಸಾಯುತ್ತದೆ. ಮಣ್ಣು ಮುಟ್ಟಿದ್ದು ಉಳಿದರೂ ಮೇಯುವ ಕುರಿ ಮೇಕೆ, ಬೇಸಿಗೆಯ ಬೆಂಕಿ ಇವೆ. ಎಳೆಯ ಸಸಿಗೆ ತೆಳು ನೆರಳು ಬೇಕು, ಆದರೆ ಕೆಲವು ವರ್ಷಗಳ ಮೇಲೆ ಬೆಳಕು ಸಿಗದಿದ್ದರೆ ಅಲ್ಲಿಯೇ ಕುಗ್ಗಿ ನಿಲ್ಲುತ್ತದೆ. ಆದ್ದರಿಂದ ಸಸಿ ಚೆನ್ನಾಗಿ ಕಾಣುವುದು ದೊಡ್ಡ ಮರ ಬಿದ್ದು ತೆರವಾದ ಕಡೆ, ದಾರಿಯ ಅಂಚಿನ ಕೆದಕಿದ ಮಣ್ಣಿನಲ್ಲಿ.

ನರ್ಸರಿಯಲ್ಲಿ ಬೀಜದಿಂದ ಬೆಳೆಸುವ ಕ್ರಮ ಏನು?

ಶಂಕು ಕಂದಾಗಿ, ಕಳಚಲು ಶುರುವಾಗುವ ಮೊದಲು, ಅಕ್ಟೋಬರ್–ನವೆಂಬರ್‌ನಲ್ಲಿ ಮರ ಹತ್ತಿ ಕೀಳಬೇಕು. ಹಸಿರಿದ್ದಾಗ ಕಿತ್ತರೆ ಬೀಜ ಬಲಿತಿರುವುದಿಲ್ಲ, ತಡಮಾಡಿದರೆ ಗಾಳಿಪಾಲು. ಬಿಸಿಲಿಗೆ ಹರಡಿದರೆ ಕೆಲವು ದಿನಗಳಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಣಗಿಸಲು ಒಲೆಯ ಬಿಸಿ ಕೊಡಬೇಡಿ. ಬೀಜವನ್ನು ಒರಟಾಗಿ ಉಜ್ಜಿ ರೆಕ್ಕೆ ತೆಗೆಯಬಾರದು. ಬೀಜದ ಸಿಪ್ಪೆಯಲ್ಲಿ ರಾಳದ ಗುಳ್ಳೆಗಳಿವೆ, ಅವು ಒಡೆದರೆ ಮೊಳೆಯುವ ಪ್ರಮಾಣ ಇಳಿಯುತ್ತದೆ. ಕಿಲೋಗೆ ಸುಮಾರು 8,000 ಬೀಜ ಸಿಗುತ್ತವೆ.

ಬೆಟ್ಟದ ನರ್ಸರಿಯಲ್ಲಾದರೆ ಆ ಚಳಿಗಾಲಕ್ಕೆ ಮೊದಲೇ 1ರಿಂದ 1.5 ಸೆಂ.ಮೀ. ಆಳದಲ್ಲಿ ಬಿತ್ತುವುದು ಒಳ್ಳೆಯದು. ಹಿಮವೇ ಬೇಕಾದ ತಂಪು ಕೊಡುತ್ತದೆ. ಹಾಗಾಗದಿದ್ದರೆ ಒದ್ದೆ ಮರಳಿನಲ್ಲಿ ಬೆರೆಸಿ 3ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ನಾಲ್ಕು ವಾರ ಇಟ್ಟು ಬಿತ್ತಬೇಕು. ಮೊಳಕೆ ಬಂದ ಮೇಲೆ ಸಸಿಯ ಬುಡ ಕರಗಿ ಒರಗುವ ಶಿಲೀಂಧ್ರ ರೋಗವೇ ದೊಡ್ಡ ನಷ್ಟ. ಸಸಿ ಒತ್ತೊತ್ತಾಗಿದ್ದು, ಮಣ್ಣು ಸದಾ ಒದ್ದೆಯಾಗಿದ್ದರೆ ಇದು ಖಚಿತ. ಮರಳು ಬೆರೆಸಿದ ಮಣ್ಣು, ಬೆಳಗಿನ ನೀರು, ತೆಳು ನೆರಳು ಇರಲಿ. ತಾಯಿಬೇರು ಬೇಗ ಇಳಿಯುತ್ತದೆ. ಚೀಲ ಆಳವಿಲ್ಲದಿದ್ದರೆ ಬೇರು ಕೆಳಗೆ ಸುತ್ತಿಕೊಂಡು, ನೆಟ್ಟ ಮೇಲೆ ವರ್ಷಗಟ್ಟಲೆ ಮರ ಏಳುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ತುಂಬಿದ ಸಸಿಯನ್ನು ಮಳೆಗಾಲದಲ್ಲಿ ನೆಡುತ್ತಾರೆ.

ಯಾವ ರೋಗ, ಕೀಟ ಬಾಧಿಸುತ್ತವೆ?

ಎಕ್ಟ್ರೋಪಿಸ್ ಡಿಯೋಡಾರೆ ಎಂಬ ಪತಂಗದ ಹುಳು ಎಳೆ ಸೂಜಿಗಳನ್ನು ತಿಂದು ಕೆಲವು ವರ್ಷ ಇಡೀ ಇಳಿಜಾರನ್ನೇ ಕಂದಾಗಿಸುತ್ತದೆ. ಒಮ್ಮೆ ಬೋಳಾದ ಮರ ಮತ್ತೆ ಚಿಗುರಬಹುದು, ವರ್ಷ ವರ್ಷ ಹಾಗಾದರೆ ಸೊರಗುತ್ತದೆ. ಹೆಟೆರೊಬೇಸಿಡಿಯಾನ್ ಶಿಲೀಂಧ್ರ ಬೇರು ಕೊಳೆಸಿ, ಬೇರಿನಿಂದ ಬೇರಿಗೆ ಹರಡಿ, ಗುಂಪು ಗುಂಪಾಗಿ ಮರಗಳನ್ನು ಕೊಲ್ಲುತ್ತದೆ. ಕಾಡಿನಲ್ಲಿ ದುಂಡನೆಯ ಖಾಲಿ ಜಾಗ ವರ್ಷವರ್ಷಕ್ಕೆ ಅಗಲವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು.

ಈ ಮರಕ್ಕಾಗಿ ಕಾಡುಗಳನ್ನೇ ಕಡಿದದ್ದು ಏಕೆ?

ಅದರ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗ, ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ ಎನ್ನುವಷ್ಟು ಬಾಳಿಕೆಯದು. ಹಾಗಿದ್ದೂ ಹಗುರ, ಒಣಗಿದ ಮೇಲೆ ಘನಮೀಟರಿಗೆ ಸುಮಾರು 550 ಕಿಲೋ. ತಿಳಿ ಹಳದಿ ಕಂದು ಬಣ್ಣ, ಬಿಡದ ಪರಿಮಳ. ಹೊರಗಿನ ಬಿಳಿ ಭಾಗಕ್ಕೆ ಈ ಬಾಳಿಕೆ ಇಲ್ಲ, ಕೊಳ್ಳುವವರು ಮೋಸಹೋಗುವುದು ಅಲ್ಲಿಯೇ. ಹಿಮಾಚಲದ ಕಾಠ್‌ಕುಣಿ ಮನೆಗಳಲ್ಲಿ ಒಂದು ಸಾಲು ದೇವದಾರಿನ ತೊಲೆ, ಒಂದು ಸಾಲು ಗಾರೆಯಿಲ್ಲದ ಕಲ್ಲು, ಹೀಗೆ ಪೇರಿಸಿ ಗೋಡೆ ಎಬ್ಬಿಸುತ್ತಾರೆ. ಭೂಕಂಪದಲ್ಲಿ ತೊಲೆಗಳು ಅಲುಗಾಟವನ್ನು ತಡೆದುಕೊಳ್ಳುತ್ತವೆ. ಶ್ರೀನಗರದ ಜಾಮಿಯಾ ಮಸೀದಿಯ ಮುನ್ನೂರಕ್ಕೂ ಹೆಚ್ಚು ಕಂಬಗಳು, ದಾಲ್ ಸರೋವರದ ದೋಣಿಮನೆಗಳು ಇದೇ ಮರದವು.

ಊರಿನವರ ಬಳಕೆಯಿಂದ ಕಾಡು ಬರಿದಾಗಲಿಲ್ಲ. 19ನೇ ಶತಮಾನದ ನಡುವಿನಲ್ಲಿ ರೈಲು ಹಳಿಯ ಕೆಳಗೆ ಹಾಸುವ ಅಡ್ಡದಿಮ್ಮಿ (ಸ್ಲೀಪರ್) ಬೇಕಾದಾಗ ಆದದ್ದು ಬೇರೆ. ಹರ್ಸಿಲ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ಮರದ ವ್ಯಾಪಾರಿ ಫ್ರೆಡರಿಕ್ ವಿಲ್ಸನ್ ಟೆಹ್ರಿಯ ರಾಜನಿಂದ ಗುತ್ತಿಗೆ ಪಡೆದು ಕಡಿಸಿದ ದಿಮ್ಮಿಗಳು ಭಾಗೀರಥಿಯಲ್ಲಿ ತೇಲಿ ಬಯಲಿಗಿಳಿದವು. 1864ರಲ್ಲಿ ಜರ್ಮನ್ ಅರಣ್ಯತಜ್ಞ ಡೀಟ್ರಿಚ್ ಬ್ರಾಂಡಿಸ್ ಅವರ ಕೈಕೆಳಗೆ ಅರಣ್ಯ ಇಲಾಖೆ ಶುರುವಾದಾಗ ದೇವದಾರಿನ ಕಾಡುಗಳು ಅದರ ಮುಖ್ಯ ಚಿಂತೆಗಳಲ್ಲಿ ಒಂದು. ಇಂದು ಒಟ್ಟು ಪ್ರಭೇದ ಅಳಿವಿನ ಅಂಚಿನಲ್ಲಿಲ್ಲ, ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಕಡಿಮೆ ಆತಂಕದ ವರ್ಗದಲ್ಲಿದೆ. ಆದರೆ ಕೈಗೆಟುಕುವ ಕಣಿವೆಗಳಲ್ಲಿ ಹಳೆಯ ಭಾರಿ ಮರಗಳು ಉಳಿದದ್ದು ಕೆಲವೇ, ಅವು ಹೋದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳುವುದಿಲ್ಲ.

ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ದೇವದಾರು ಚಕ್ಕೆ ಇದೇ ಮರದ್ದೇ?

ಇರಬಹುದು, ಇಲ್ಲದಿರಬಹುದು. ದಕ್ಷಿಣದ ಒಣ ಕುರುಚಲು ಕಾಡಿನ ಎರಿತ್ರಾಕ್ಸಿಲಮ್ ಮೋನೋಗೈನಮ್ ಎಂಬ ಚಿಕ್ಕ ಮರವನ್ನೂ ಇಲ್ಲಿ ದೇವದಾರು ಎನ್ನುತ್ತಾರೆ, ಅದರ ಚೇಗೂ ಪರಿಮಳದ್ದೇ. ಪರೀಕ್ಷೆ ಸುಲಭ. ಚಕ್ಕೆಯ ಅಡ್ಡಕೊಯ್ತವನ್ನು ಹೊಸ ಬ್ಲೇಡಿನಿಂದ ನಯವಾಗಿ ಸವರಿ, ಹತ್ತು ಪಟ್ಟು ದೊಡ್ಡದಾಗಿಸುವ ಮಸೂರದಲ್ಲಿ ನೋಡಿ. ಹಿಮಾಲಯದ ದೇವದಾರು ಶಂಕುಧಾರಿಯಾದ್ದರಿಂದ ನೀರು ಸಾಗಿಸುವ ಕೊಳವೆಗಳ ರಂಧ್ರ ಅದರಲ್ಲಿ ಕಾಣುವುದಿಲ್ಲ, ತಿಳಿ ಮತ್ತು ಗಾಢ ಪಟ್ಟೆಗಳ ಬಳೆ ಮಾತ್ರ. ಇನ್ನೊಂದರಲ್ಲಿ ಸಣ್ಣ ರಂಧ್ರಗಳು ಕಾಣುತ್ತವೆ, ಬಣ್ಣ ಕೆಂಪುಗಂದು, ಕೈಗೆ ಭಾರ. ಔಷಧಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ದೇವದಾರು ಎಣ್ಣೆಯನ್ನಂತೂ ಹಾಗೇ ಮೈಗೆ ಹಚ್ಚಬೇಡಿ, ಚರ್ಮ ಉರಿಯಬಹುದು.

ಲಾಲ್‌ಬಾಗಿನಲ್ಲಿ, ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿ ಇರುವ ಕ್ರಿಸ್‌ಮಸ್ ಮರ ದೇವದಾರು ತಾನೇ?

ಅಲ್ಲ. ಅದು ಹೆಚ್ಚಾಗಿ ಅರಾಕೇರಿಯ, ಪೆಸಿಫಿಕ್ ದ್ವೀಪಗಳ ಕಡೆಯಿಂದ ಬಂದದ್ದು. ಹಗ್ಗ ಹೊಸೆದಂತೆ ಎಲೆ ಮುಚ್ಚಿದ ಕಿರುಕೊಂಬೆಗಳು, ಕಾಂಡದ ಸುತ್ತ ವೃತ್ತ ವೃತ್ತವಾಗಿ ಹೊರಡುವ ಕೊಂಬೆಗಳು ಅದರ ಗುರುತು. ಕರಾವಳಿಯ ಗಾಳಿಮರ ಸೂಜಿ ಎಲೆಯಂತೆ ಕಂಡರೂ ಶಂಕುಧಾರಿಯೇ ಅಲ್ಲ. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ, ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಮಳೆಕಾಡುಗಳ ನಾಗೇಯ ವಾಲಿಚಿಯಾನ. ಅದರ ಎಲೆ ಸೂಜಿಯಲ್ಲ, ನಡುನರವಿಲ್ಲದ ಅಗಲ ಎಲೆ. ಅದನ್ನು ನೋಡಿ ಶಂಕುಧಾರಿ ಎಂದು ಯಾರೂ ಊಹಿಸಲಾರರು.

ಕರ್ನಾಟಕದಲ್ಲಿ ದೇವದಾರು ನೆಡಬಹುದೇ?

ಬೇಡ ಎನ್ನುವುದೇ ನಮ್ಮ ಸಲಹೆ. ನರ್ಸರಿಯಿಂದ ತಂದ ಸಸಿ ಬೆಂಗಳೂರು, ಕೊಡಗಿನಲ್ಲಿ ಕೆಲವು ವರ್ಷ ಹಸಿರಾಗಿರಬಹುದು. ಆದರೆ ಅದಕ್ಕೆ ಬೇಕಾದ ಚಳಿಗಾಲ ಇಲ್ಲಿ ಬರುವುದಿಲ್ಲ, ಮಲೆನಾಡಿನ ಮಳೆಗೆ ಬೇರು ಕೊಳೆಯುತ್ತದೆ, ಬಯಲುಸೀಮೆಯ ಬೇಸಿಗೆಗೆ ಸೂಜಿ ಉದುರುತ್ತದೆ. ಬಿಸಿಲ ಊರಾದರೂ ಕ್ಯಾಲಿಫೋರ್ನಿಯದಲ್ಲಿ ಅದು ಚೆನ್ನಾಗಿ ಬೆಳೆಯುತ್ತದಲ್ಲ ಎಂದು ಅಲ್ಲಿರುವ ಕನ್ನಡಿಗರು ಕೇಳುತ್ತಾರೆ. ನಿಜ, ಆಲ್ಟಡೀನಾದ ಒಂದು ಬೀದಿಯಲ್ಲಿ ಸಾಲಾಗಿ ನಿಂತ ದೇವದಾರುಗಳಿಗೆ 1920ರಿಂದ ಕ್ರಿಸ್‌ಮಸ್ ದೀಪ ಹಾಕುತ್ತ ಬಂದಿದ್ದಾರೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ನಮ್ಮ ಹವೆ ಅದಕ್ಕೆ ತೀರ ತದ್ವಿರುದ್ಧ.

ಚಾರಣದಿಂದ ಬರುವಾಗ ಸಸಿ ಕಿತ್ತು ತರುವವರೂ ಇದ್ದಾರೆ. ರಕ್ಷಿತ ಅರಣ್ಯದಿಂದ ಹಾಗೆ ಕೀಳುವುದು ಅಪರಾಧ. ತಾಯಿಬೇರು ತುಂಡಾದ ಸಸಿ ಊರು ತಲುಪುವಷ್ಟರಲ್ಲಿ ಬಾಡಿರುತ್ತದೆ. ಮರದ ನೆನಪಿಗೆ ಏನಾದರೂ ಬೇಕಿದ್ದರೆ ಅಂಗಡಿಯಲ್ಲಿ ಕೊಂಡ ಒಂದು ಶಂಕು ಸಾಕು. ಅದನ್ನೂ ಗಾಜಿನ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಣಗಿದಂತೆ ಮನೆಯಲ್ಲೇ ಬಿಲ್ಲೆಬಿಲ್ಲೆಯಾಗಿ ಕಳಚುತ್ತದೆ.